ಸಮುದ್ರವಿಲ್ಲದ ದ್ವೀಪ

"ನಾಲ್ಕೂ ಕಡೆ ನೀರಿರುವ ಭೂಭಾಗವೇ ದ್ವೀಪ." ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಮಾತು. ದ್ವೀಪ ನೋಡಬೇಕಾದರೆ ಅಂಡಮಾನಿಗೋ ಲಕ್ಷದ್ವೀಪಕ್ಕೋ ಹೋಗಬೇಕು ಅಂತಲೇ ನಾನೂ ತಿಳಿದಿದ್ದೆ. ನಮ್ಮ ನೀಲಗಿರಿಯ ನೆತ್ತಿಯ ಮೇಲೇ ಒಂದು ದ್ವೀಪ ಇದೆ ಅನ್ನೋದು ಮುಕುರ್ತಿ ರಾಷ್ಟ್ರೀಯ ಉದ್ಯಾನಕ್ಕೆ ಹೋದ ಮೇಲೆ ತಿಳಿಯಿತು.

ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗುವಂತಿಲ್ಲ. ಅನುಮತಿ ಪಡೆದ ಸಣ್ಣ ಗುಂಪಿನ ಜೊತೆ ನಾನೂ ಹೋದೆ. ಬೆಳಿಗ್ಗೆ ಪಶ್ಚಿಮದ ಅಂಚಿಗೆ ಬಂದು ನಿಂತರೆ ಕೇರಳದ ಕಣಿವೆಗಳು ಕಾಣಲೇ ಇಲ್ಲ. ಕಾಲ ಕೆಳಗೆ ಬರೀ ಬಿಳಿ ಮೋಡ. ಶಿಖರಗಳು ಮಾತ್ರ ಕಡಲಿನಿಂದ ತಲೆ ಎತ್ತಿದ ಹಾಗೆ. ಹಾಗೆ ನೋಡಿದರೆ ಇಲ್ಲಿನ ಜೀವಿಗಳಿಗೆ ಕೆಳಗಿನ ಬಿಸಿ ಬಯಲೇ ಸಮುದ್ರ. ಚಳಿಗೆ ಒಗ್ಗಿದ ಪ್ರಾಣಿ ಪಕ್ಷಿ ಅದನ್ನು ದಾಟುವುದಿಲ್ಲ. ನಮ್ಮ ಶೋಲಾ ಕಾಡಿನಲ್ಲಿ ನಕ್ಕ ಹಾಗೆ ಕೂಗುವ ಹಕ್ಕಿಯೇ ಬೇರೆ, ಪಾಲಕ್ಕಾಡು ಕಣಿವೆಯ ಆಚೆಗಿನ ಬೆಟ್ಟಗಳಲ್ಲಿರುವ ಅದರ ದಾಯಾದಿಯೇ ಬೇರೆ.

ಈ ದ್ವೀಪದ ಮುಖ್ಯ ನಿವಾಸಿ ವರೈಯಾಡು, ಅಂದರೆ ನೀಲಗಿರಿ ಥಾರ್. ತಮಿಳುನಾಡಿನ ರಾಜ್ಯ ಪ್ರಾಣಿ. ಅದಕ್ಕೆ ಎರಡು ಬೇಕು: ಮೇಯಲು ಹುಲ್ಲು, ಓಡಿ ಅಡಗಲು ಕಡಿದಾದ ಬಂಡೆ. ಕೋಳಾರಿಬೆಟ್ಟದಂಥ 2,630 ಮೀಟರ್ ಎತ್ತರದ ಶಿಖರಗಳಿರುವ ಮುಕುರ್ತಿಯಲ್ಲಿ ಎರಡೂ ಉಂಟು. ತೋಡರ ಎಮ್ಮೆಗಳು ಮೇಯುತ್ತಿದ್ದುದೂ ನೀಲಗಿರಿಯ ಇಂಥ ಹುಲ್ಲಿನಲ್ಲೇ.

1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಈ ಬೆಟ್ಟ ಹತ್ತಿದ. ಅವನ ಹಿಂದೆ ಬಂದೂಕುಗಳೂ ಬಂದವು. ಬೇಟೆ ಮಿತಿ ಮೀರಿ, ಕಡೆಗೆ ಬೇಟೆಗಾರರೇ 1877ರಲ್ಲಿ ಸಂಘ ಕಟ್ಟಿದರು. 1879ರಲ್ಲಿ ಕಾನೂನು ಬಂತು. ಬಂದೂಕಿಗೆ ಕಡಿವಾಣ ಬಿತ್ತು, ಆದರೆ ಸಸಿಗೆ ಬೀಳಲಿಲ್ಲ. ಹುಲ್ಲುಗಾವಲು ಅವರ ಕಣ್ಣಿಗೆ ಪಾಳು ಜಮೀನು. ಸೌದೆಗೆಂದು ಆಸ್ಟ್ರೇಲಿಯಾದ ಕರ್ಪೂರ ಮರ ಬಂತು. ಮೈಸೂರು ಸೀಮೆಯವರು ಅದನ್ನೇ 'ನೀಲಗಿರಿ ಮರ' ಅಂತಾರೆ, ನಮ್ಮ ಬೆಟ್ಟದಲ್ಲೇ ಹುಟ್ಟಿತೇನೋ ಅನ್ನುವಂತೆ! ಚರ್ಮ ಹದ ಮಾಡುವ ತೊಗಟೆಗೆಂದು ಸೀಗೆ ಮರ, ಅಂದರೆ ವ್ಯಾಟಲ್, ಬಂತು. ಸ್ವಾತಂತ್ರ್ಯ ಬಂದ ಮೇಲೂ ನೆಡುವುದು ನಿಲ್ಲಲಿಲ್ಲ. ನಿಂತ ಮೇಲೆ ಸೀಗೆ ತಾನೇ ಬೀಜ ಉದುರಿಸಿ ಹಬ್ಬಿತು.

ಹೀಗೆ ನೆಟ್ಟವರಲ್ಲಿ ನಮ್ಮಪ್ಪನೂ ಒಬ್ಬರು. ದಿನಗೂಲಿಗೆ ಹೋಗಿ ಗುಂಡಿ ತೋಡಿದವರು. "ಬೋಳು ಬೆಟ್ಟಕ್ಕೆ ಕಾಡು ಮಾಡಿದ್ವಿ" ಅಂತ ಹೆಮ್ಮೆಯಿಂದ ಹೇಳೋರು. ಆ ಕೂಲಿಯಲ್ಲೇ ನಾವು ಉಂಡಿದ್ದೇವೆ.

ಆದರೆ ಆ ಬೋಳು ಬೆಟ್ಟ ಬೋಳಾಗಿರಲಿಲ್ಲ. ಮಳೆ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಮೆಲ್ಲಗೆ ಬಿಡುವುದು ಹುಲ್ಲು ಮತ್ತು ಶೋಲಾ ಸೇರಿ ಮಾಡುವ ಕೆಲಸ. ಗ್ಲೆನ್‌ಮಾರ್ಗನ್‌ನಲ್ಲಿ ಹುಲ್ಲುಗಾವಲಿಗೆ ಕರ್ಪೂರ ಮರ ನೆಟ್ಟು ಅಳೆದು ನೋಡಿದಾಗ, ಮೊದಲ 10 ವರ್ಷಗಳಲ್ಲಿ ಹಳ್ಳದ ನೀರು ಸುಮಾರು ಶೇ. 16ರಷ್ಟು ಕಡಿಮೆಯಾಗಿತ್ತು. ಪೈಕಾರ ಹೊಳೆ ಹುಟ್ಟುವುದು ಮುಕುರ್ತಿಯಲ್ಲಿ. 1932ರಿಂದ ಸಿಂಗಾರದಲ್ಲಿ ಕರೆಂಟು ಮಾಡುತ್ತಿರುವುದು ಆ ನೀರೇ; ಮುಂದೆ ಮೋಯಾರಾಗಿ ಮಸಿನಗುಡಿಯ ಕಾಡಿನ ಆನೆಗಳಿಗೆ ಕುಡಿಯಲು ಸಿಗುವುದೂ ಅದೇ.

1982ರಲ್ಲಿ ಅಭಯಾರಣ್ಯ, 1990ರಲ್ಲಿ ರಾಷ್ಟ್ರೀಯ ಉದ್ಯಾನ. ಉಳಿದಿರುವ ದ್ವೀಪ ಸುಮಾರು 78 ಚದರ ಕಿಲೋಮೀಟರ್. 2024ರ ಎಣಿಕೆಯಲ್ಲಿ ಇಡೀ ತಮಿಳುನಾಡಿಗೆ ಸಿಕ್ಕ ವರೈಯಾಡು 1,031. ಅದರಲ್ಲಿ ಐದನ್ನು ನಾನು ಅಂದು ಕಂಡೆ. ಬಂಡೆಯ ಮೇಲೆ ಮರಿಯೊಂದು ತಾಯಿಯ ಹಿಂದೆ ನಿಂತಿತ್ತು.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಲ್ಲೂ ಕಾಡೇ ಅಂತ ಅವತ್ತು ನಮಗೆ ಯಾರೂ ಹೇಳಿಕೊಡಲಿಲ್ಲವಲ್ಲಪ್ಪ" ಅಂದರು.

ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ದ್ವೀಪದ ಪಾಠ ಮಾಡುವಾಗ ಮುಕುರ್ತಿಯ ಹೆಸರನ್ನೂ ಹೇಳಿ. ಗಿಡ ನೆಡುವ ದಿನ ಮಕ್ಕಳ ಕೈಗೆ ಸಸಿ ಕೊಡುವ ಮೊದಲು, ಆ ಜಾಗದಲ್ಲಿ ಈಗ ಏನಿದೆ ಅಂತ ಒಮ್ಮೆ ಬಗ್ಗಿ ನೋಡಲು ಹೇಳಿ.