ನಡುವಣ ಮೆಟ್ಟಿಲು: ನಿಜಾಮರ ಕಾಲದ ನಮ್ಮ ಶಾಲೆಗಳು

ಪ್ರತಿವರ್ಷ ಜೂನ್ ತಿಂಗಳು ಬಂದಿತೆಂದರೆ ಹೈದರಾಬಾದಿನ ಕನ್ನಡಿಗರ ಮನೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ. ಮಗು ಸಣ್ಣದಿದ್ದಾಗ ಅಜ್ಜಿಯ ತೊಡೆಯ ಮೇಲೆ ಕೂತು ಕನ್ನಡದ ಅಕ್ಷರ ತಿದ್ದಿತು, ಕಥೆ ಕೇಳಿತು, ನಾಲ್ಕಾರು ಪದ್ಯ ಬಾಯಿಪಾಠ ಮಾಡಿತು. ಆರನೆಯ ತರಗತಿಗೆ ಕಾಲಿಟ್ಟ ಕೂಡಲೆ ಎಲ್ಲವೂ ನಿಂತಿತು. "ಇನ್ನು ಓದಿನ ಭಾರ ಹೆಚ್ಚು, ಕನ್ನಡಕ್ಕೆ ಸಮಯವೆಲ್ಲಿ?" ಎಂದು ತಂದೆತಾಯಿಗಳು ಕೇಳುತ್ತಾರೆ. ಈ ಪ್ರಶ್ನೆ ನಮ್ಮ ಕಾಲದ್ದೆಂದು ನಾವು ತಿಳಿದಿದ್ದೇವೆ. ವಾಸ್ತವವಾಗಿ ಇದು ಈ ಊರಿನಲ್ಲಿ ನೂರು ವರ್ಷಗಳಷ್ಟು ಹಳೆಯದು. ನಮ್ಮ ಹಿರಿಯರು ಇದಕ್ಕೆ ಕೊಟ್ಟ ಉತ್ತರವನ್ನು ಒಮ್ಮೆ ನೆನೆಯುವುದೇ ಈ ಲೇಖನದ ಉದ್ದೇಶ.

ನಿಜಾಮರ ಕಾಲದ ಶಿಕ್ಷಣಕ್ಕೆ ಮೂರು ಮೆಟ್ಟಿಲುಗಳಿದ್ದವು. ಕೆಳಗಿನದು ತಹತಾನಿಯ, ನಡುವಣದು ವಸ್ತಾನಿಯ, ಮೇಲಿನದು ಫೌಕಾನಿಯ. ಪ್ರಾಥಮಿಕ, ಮಾಧ್ಯಮಿಕ, ಪ್ರೌಢ ಎಂದು ನಾವು ಇಂದು ಹೇಳುವುದನ್ನೇ ಆಗ ಹೀಗೆ ಕರೆಯುತ್ತಿದ್ದರು. ಸಂಸ್ಥಾನದ ಜನರಲ್ಲಿ ಸುಮಾರು ಅರ್ಧದಷ್ಟು ತೆಲುಗರು, ಕಾಲುಭಾಗ ಮರಾಠಿಗರು. ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಲ್ಲಿ ನೆಲೆಸಿದ್ದ ಕನ್ನಡಿಗರು ಹತ್ತರಲ್ಲಿ ಒಂದು ಪಾಲು. ಉರ್ದು ಮಾತಿನವರೂ ಹೆಚ್ಚುಕಡಿಮೆ ಅಷ್ಟೆ. ಆದರೆ ಕಚೇರಿಯ ಭಾಷೆ ಉರ್ದು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಉನ್ನತ ಶಿಕ್ಷಣವೂ ಉರ್ದುವಿನಲ್ಲಿ ನಡೆಯತೊಡಗಿತು. ವಿಜ್ಞಾನ, ಕಾನೂನು, ವೈದ್ಯಶಾಸ್ತ್ರಗಳನ್ನು ಭಾರತದ ಭಾಷೆಯೊಂದರಲ್ಲಿ ಕಲಿಸಲು ಹೊರಟ ಆ ಪ್ರಯೋಗ ದೊಡ್ಡದೆಂಬುದರಲ್ಲಿ ಸಂಶಯವಿಲ್ಲ. ದೇಶದ ಮಿಕ್ಕ ವಿಶ್ವವಿದ್ಯಾಲಯಗಳು ಇಂಗ್ಲಿಷನ್ನೇ ನೆಚ್ಚಿಕೊಂಡಿದ್ದ ಕಾಲದಲ್ಲಿ ಅಂಥ ಧೈರ್ಯ ತೋರಿದುದು ಮೆಚ್ಚತಕ್ಕದ್ದೇ. ಆದರೆ ಆ ಭಾಷೆ ಸಂಸ್ಥಾನದ ಬಹುಪಾಲು ಮಕ್ಕಳ ಮನೆಮಾತಾಗಿರಲಿಲ್ಲ.

ಇದರ ಪೆಟ್ಟು ಬಿದ್ದುದು ನಡುವಣ ಮೆಟ್ಟಿಲಿನ ಮೇಲೆ. ಕೆಳಗಿನ ತರಗತಿಗಳಲ್ಲಿ ತಾಯ್ನುಡಿಗೆ ಅಷ್ಟಿಷ್ಟು ಅವಕಾಶವಿತ್ತು. ವಸ್ತಾನಿಯಕ್ಕೆ ಬಂದ ಮಗುವಿಗೆ ಲೆಕ್ಕ, ಚರಿತ್ರೆ, ಭೂಗೋಳ ಎಲ್ಲವೂ ಉರ್ದುವಿನಲ್ಲಿ. ನಿನ್ನೆಯವರೆಗೆ ಚುರುಕಾಗಿ ಉತ್ತರ ಹೇಳುತ್ತಿದ್ದ ಹತ್ತು ಹನ್ನೊಂದರ ಹುಡುಗ ಇಂದು ಬಾಯಿ ಕಟ್ಟಿದಂತೆ ಕೂರಬೇಕು. ಲೆಕ್ಕ ಬಾರದ್ದರಿಂದಲ್ಲ, ಲೆಕ್ಕವನ್ನು ಹೇಳಿದ ಮಾತು ತಿಳಿಯದ್ದರಿಂದ ಅವನು ದಡ್ಡನೆನಿಸಿಕೊಂಡ. ಎಷ್ಟೋ ಮಕ್ಕಳ ಓದು ಅಲ್ಲಿಗೇ ಮುಗಿಯಿತು. ಹೆಣ್ಣುಮಕ್ಕಳಂತೂ ಆ ಮೆಟ್ಟಿಲ ತನಕ ಬಂದುದೇ ಅಪರೂಪ.

ಈ ಸಂಕಟ ಕನ್ನಡಿಗರೊಬ್ಬರದೇ ಆಗಿರಲಿಲ್ಲ. ಆದುದರಿಂದಲೇ ಪ್ರತಿಯೊಂದು ಭಾಷೆಯವರೂ ತಮ್ಮ ಕೈಯಿಂದಾದುದನ್ನು ಕಟ್ಟಿಕೊಂಡರು. ನಮ್ಮ ಊರಿನಲ್ಲಿ 1901ರಲ್ಲಿಯೇ ತೆಲುಗರ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ ಹುಟ್ಟಿತ್ತು. ಕನ್ನಡದ ದೊರೆಯೆಂದು ನಾವು ಹೆಮ್ಮೆಪಡುವ ಕೃಷ್ಣದೇವರಾಯ ಅವರಿಗೂ ಅಷ್ಟೇ ಹತ್ತಿರದವನು. 1907ರಲ್ಲಿ ಮರಾಠಿಗರು ಇಲ್ಲಿ ವಿವೇಕವರ್ಧಿನಿ ಶಾಲೆಯನ್ನು ತೆರೆದರು. ಅದೇ ವರ್ಷ ಗುಲಬರ್ಗಾದಲ್ಲಿ ನೂತನ ವಿದ್ಯಾಲಯ ಆರಂಭವಾಯಿತು. ಸರಕಾರದ ಅಪ್ಪಣೆಯಿಲ್ಲದೆ ಸಭೆ ಸೇರುವುದೂ ಕಷ್ಟವಾಗಿದ್ದ ದಿನಗಳಲ್ಲಿ ಶಾಲೆಯೆಂದರೆ ಪಾಠದ ಜಾಗ ಮಾತ್ರವಲ್ಲ, ಒಂದು ಸಮಾಜ ಕೂಡಿ ಉಸಿರಾಡುವ ಜಾಗವೂ ಆಗಿತ್ತೆಂಬುದನ್ನು ಓದುಗರು ಗಮನಿಸಬೇಕು.

ಇನ್ನು ರಾಯಚೂರಿನ ಮಾತು. ಮಂಗಳೂರಿನಲ್ಲಿ 1891ರಲ್ಲಿ ಹುಟ್ಟಿದ ತಾರಾನಾಥರು ವೈದ್ಯಶಾಸ್ತ್ರ ಓದಲೆಂದು ನಮ್ಮ ಹೈದರಾಬಾದಿಗೆ ಬಂದವರು. ಮುಂದೆ ಪಂಡಿತ ತಾರಾನಾಥರೆಂದು ನಾಡಿನಲ್ಲೆಲ್ಲ ಹೆಸರಾದ ಅವರು 1920ರ ದಶಕದ ಆರಂಭದಲ್ಲಿ ರಾಯಚೂರಿನಲ್ಲಿ ಒಂದು ಶಾಲೆ ತೆರೆದು, ಅದಕ್ಕೆ ಹಮ್‌ದರ್ದ್ ಎಂಬ ಹೆಸರಿಟ್ಟರು. ಅಸಹಕಾರ ಚಳವಳಿಯ ಕಾವಿನಲ್ಲಿ ದೇಶದ ಉದ್ದಗಲಕ್ಕೂ ರಾಷ್ಟ್ರೀಯ ಶಾಲೆಗಳು ತಲೆಯೆತ್ತುತ್ತಿದ್ದ ಕಾಲವದು. ವಿದ್ಯಾಲಯ, ಪಾಠಶಾಲೆ ಎಂಬ ಹೆಸರುಗಳಿಗೆ ಬರವಿರಲಿಲ್ಲ. ಆದರೂ ಅವರು ಆರಿಸಿದ ಮಾತಿನ ಅರ್ಥ, ಒಬ್ಬನ ನೋವನ್ನು ತನ್ನದೆಂದು ತಿಳಿಯುವವನು ಎಂದು. ಹಿಂದೂ ಮುಸಲ್ಮಾನರ ಐಕ್ಯಕ್ಕಾಗಿ ಬಾಳಿಡೀ ದುಡಿದ, 'ದೀನಬಂಧು ಕಬೀರ' ಎಂಬ ನಾಟಕ ಬರೆದ ಮನುಷ್ಯ ಅವರು. ಶಾಲೆಯ ಬಾಗಿಲಿನ ಮೇಲೆ ಬುದ್ಧಿಯ ಹೆಸರನ್ನು ಬರೆಯದೆ ಕರುಣೆಯ ಹೆಸರನ್ನು ಬರೆದುದರಲ್ಲಿಯೇ ಅವರ ಶಿಕ್ಷಣ ತತ್ತ್ವ ಅಡಗಿದೆ ಎಂದು ನಮಗೆ ತೋರುತ್ತದೆ. ಆಮೇಲೆ ಅವರು ತುಂಗಭದ್ರೆಯ ಆಚೆಯ ದಡದಲ್ಲಿ, ನಿಜಾಮರ ಗಡಿಯ ಹೊರಗೆ, ಪ್ರೇಮಾಯತನ ಆಶ್ರಮ ಕಟ್ಟಿದರು. 1942ರಲ್ಲಿ ತೀರಿಕೊಂಡರು. ಅವರು ನೆಟ್ಟ ಶಾಲೆಯ ಹೆಸರು ರಾಯಚೂರಿನಲ್ಲಿ ಉಳಿದು ಬಂದಿದೆ.

ಬೀದರದ ಕಥೆ ಇನ್ನೂ ರೋಮಾಂಚಕ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು 1889ರಲ್ಲಿ ಹುಟ್ಟಿ 1999ರವರೆಗೆ ಬಾಳಿದವರು. ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ ಎಂಬುದು ಅವರ ಶಾಲೆಯ ವಿಷಯವಾಗಿ ಆ ಜಿಲ್ಲೆಯಲ್ಲಿ ಮನೆಮಾತಾಗಿದೆ. ಕಮಲನಗರ, ಭಾಲ್ಕಿಗಳಲ್ಲಿ ಅವರು ಮಕ್ಕಳನ್ನು ಕೂಡಿಸಿ, ಜೋಳಿಗೆ ಹಿಡಿದು ಬೇಡಿ ತಂದು, ಅವರಿಗೆ ಅನ್ನ ಅಕ್ಷರಗಳೆರಡನ್ನೂ ಇಕ್ಕಿದರು. ಜಾತಿಯನ್ನು ಕೇಳಲಿಲ್ಲ. ಬೋರ್ಡಿನ ಕಥೆಯನ್ನು ಹೇಳಿ ನಾವು ಚಪ್ಪಾಳೆ ತಟ್ಟುತ್ತೇವೆ. ಆದರೆ ಆ ಬೋರ್ಡಿನ ಹಿಂದೆ ದಿನವೂ ಬೇಯುತ್ತಿದ್ದ ಅನ್ನದ ಲೆಕ್ಕ ನಮಗೆ ನೆನಪಿಗೆ ಬರುವುದು ಕಡಿಮೆ. ಹಸಿದ ಮಗುವಿಗೆ ಕನ್ನಡವೂ ಒಂದೇ, ಉರ್ದುವೂ ಒಂದೇ.

ಅನ್ನದ ಮಾತು ಬಂದುದರಿಂದ ವಾರಾನ್ನದ ವಿಷಯವನ್ನೂ ಹೇಳಬೇಕು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಗಳಲ್ಲಿ ಉಂಡು ಓದಿದ ಹುಡುಗರು ಕನ್ನಡನಾಡಿನಲ್ಲಿ ಅಸಂಖ್ಯ. ಈ ಪದ್ಧತಿಯಲ್ಲಿ ದಯೆಯ ಜೊತೆಗೆ ಒಂದು ಬಗೆಯ ಎಚ್ಚರಿಕೆಯೂ ಇತ್ತು. ಏಳು ಮನೆಯ ತಾಯಂದಿರು ಹುಡುಗನ ಮುಖ ನೋಡುತ್ತಿದ್ದರು, ಏಳು ಮನೆಯ ಯಜಮಾನರು "ಪರೀಕ್ಷೆ ಹೇಗಾಯಿತಪ್ಪ?" ಎಂದು ಕೇಳುತ್ತಿದ್ದರು. ಸೋತು ಅಡಗಿಕೊಳ್ಳಲು ಹುಡುಗನಿಗೆ ಮೂಲೆಯೇ ಇರಲಿಲ್ಲ. ಆದರೆ ಇದನ್ನು ಹೊಗಳುತ್ತ ಇದರ ಕೊರತೆಯನ್ನು ಮುಚ್ಚಿಡುವುದು ಸರಿಯಲ್ಲ. ವಾರಾನ್ನ ಬಹುಮಟ್ಟಿಗೆ ಜಾತಿಯ ಬೇಲಿಯೊಳಗಿನ ದಯೆ. ಕೆಳಜಾತಿಯ ಮಗುವಿಗೆ ಆ ಏಳು ಬಾಗಿಲುಗಳಲ್ಲಿ ಒಂದೂ ತೆರೆಯುತ್ತಿರಲಿಲ್ಲ. ಪರರ ಮನೆಯ ಎಲೆಯ ಮುಂದೆ ಕುಳಿತ ಹುಡುಗನ ಮನಸ್ಸು ಕುಗ್ಗಿದುದೂ ಉಂಟು. ಮಠಗಳ ಪ್ರಸಾದ ನಿಲಯಗಳು, ಪಟ್ಟದ್ದೇವರಂಥವರ ಶಾಲೆಗಳು ಈ ಬೇಲಿಯನ್ನು ದಾಟಲು ಯತ್ನಿಸಿದುದೇ ಅವುಗಳ ಹಿರಿಮೆ.

ಹೀಗೆ ಕಷ್ಟಪಟ್ಟು ನಡುವಣ ಮೆಟ್ಟಿಲನ್ನು ದಾಟಿದ ಮಕ್ಕಳು ಏನಾದರು? ಈಗಿನ ಕೊಪ್ಪಳ ಜಿಲ್ಲೆಯ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಉಸ್ಮಾನಿಯಾದಲ್ಲಿ ಓದಿ, ಸರಕಾರದ ದೊಡ್ಡ ಹುದ್ದೆಗಳಿಗೇರಿ, ಕಾವ್ಯಾನಂದರೆಂದು ಕನ್ನಡದ ಕವಿಗಳ ಸಾಲಿನಲ್ಲಿ ನಿಂತರು. ಉರ್ದು ಕಲಿತುದರಿಂದ ಅವರ ಕನ್ನಡ ಸೊರಗಲಿಲ್ಲ. ಅದೇ ವಿಶ್ವವಿದ್ಯಾಲಯದಲ್ಲಿ ಡಿ. ಕೆ. ಭೀಮಸೇನರಾಯರು ಕನ್ನಡ ಪ್ರಾಧ್ಯಾಪಕರಾಗಿ ದುಡಿದರು. ಬೇರು ಗಟ್ಟಿಯಾಗಿದ್ದವನಿಗೆ ಎರಡನೆಯ ಭಾಷೆ, ಮೂರನೆಯ ಭಾಷೆ ಭಾರವಲ್ಲ ಎಂಬುದಕ್ಕೆ ನಮ್ಮ ಹಿರಿಯರ ಬಾಳೇ ಸಾಕ್ಷಿ. ಉರ್ದು ನಮಗೆ ಶತ್ರುವಾಗಿರಲಿಲ್ಲ. ಸೇತುವೆಯಿಲ್ಲದೆ ಹೊಳೆಯನ್ನು ದಾಟು ಎಂದುದು ಮಾತ್ರ ಅನ್ಯಾಯವಾಗಿತ್ತು.

ನಮ್ಮ ನಗರದ ಕನ್ನಡಿಗರೂ ಸುಮ್ಮನೆ ಕೂರಲಿಲ್ಲ. 1941ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಹೈದರಾಬಾದಿನಲ್ಲಿಯೇ ನಡೆಯಿತು. ಕಾಚಿಗುಡದಲ್ಲಿ ಕನ್ನಡಿಗರು ಕಟ್ಟಿದ ಶಾಲೆಗೆ ನೃಪತುಂಗನ ಹೆಸರು. ಈ ಹೆಸರಿನ ಔಚಿತ್ಯವನ್ನು ನಮ್ಮ ಮಕ್ಕಳಿಗೆ ನಾವು ತಿಳಿಸಿ ಹೇಳಬೇಕು. ಒಂಬತ್ತನೆಯ ಶತಮಾನದಲ್ಲಿ ಆಳಿದ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ನಿಜಾಮರ ಕಾಲದಲ್ಲಿ ಅದು ಇದೇ ಸಂಸ್ಥಾನದ ಊರು. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ 'ಕವಿರಾಜಮಾರ್ಗ' ಹುಟ್ಟಿದುದು ಅವನ ಆಸ್ಥಾನದಲ್ಲಿ. ನಾವು ಎಲ್ಲಿಂದಲೋ ವಲಸೆ ಬಂದ ಅತಿಥಿಗಳಲ್ಲ, ಈ ಸೀಮೆಗೂ ನಮಗೂ ಸಾವಿರ ವರ್ಷಗಳ ನಂಟಿದೆ ಎಂದು ಆ ಒಂದು ಹೆಸರು ಮಗುವಿಗೆ ಹೇಳುತ್ತದೆ.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳಿಕೆ ಮುಗಿಯಿತು. 1956ರ ನವೆಂಬರ್ 1ರಂದು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಹೈದರಾಬಾದು ಆಂಧ್ರಪ್ರದೇಶದ ರಾಜಧಾನಿಯಾಯಿತು, 2014ರಿಂದ ತೆಲಂಗಾಣದ್ದಾಗಿದೆ. ಊರಿನವರ ಸಂಭ್ರಮದಲ್ಲಿ ಪಾಲುಗೊಳ್ಳುತ್ತಲೇ ನಾವು ಇಲ್ಲಿ ಭಾಷಾ ಅಲ್ಪಸಂಖ್ಯಾತರಾದೆವು. ಅದೇ 1956ರಲ್ಲಿ ಸಂವಿಧಾನದಲ್ಲಿ ಸೇರಿಸಿದ 350ಎ ವಿಧಿ, ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಲು ರಾಜ್ಯಗಳಿಗೆ ಹೇಳುತ್ತದೆ. ಮಗು ಕಲಿಯಲು ತಾಯ್ನುಡಿಯೇ ಮೇಲೆಂದು ಯುನೆಸ್ಕೋ ಸಂಸ್ಥೆಯೂ 1953ರ ತನ್ನ ವರದಿಯಲ್ಲಿ ಸಾರಿತ್ತು. ಆದರೆ ಸಂವಿಧಾನದ ಆ ಮಾತನ್ನು ಗಮನಿಸಿ: ಪ್ರಾಥಮಿಕ ಹಂತದಲ್ಲಿ ಎಂದಿದೆ. ಕಾನೂನಿನ ನೆರಳು ಮತ್ತೆ ಕೆಳಗಿನ ಮೆಟ್ಟಿಲಿಗೇ ಮುಗಿಯಿತು. ಅಂದಿನ ವಸ್ತಾನಿಯದಂತೆ ಇಂದಿನ ಆರು, ಏಳು, ಎಂಟನೆಯ ತರಗತಿಗಳು ಬಿಸಿಲಿನಲ್ಲಿಯೇ ನಿಂತಿವೆ. ಅಂದು ಉರ್ದು ಇದ್ದ ಜಾಗದಲ್ಲಿ ಇಂದು ಇಂಗ್ಲಿಷು ಕೂತಿದೆ, ಅಷ್ಟೇ ವ್ಯತ್ಯಾಸ. ಮತ್ತೊಂದು ವ್ಯತ್ಯಾಸವೂ ಉಂಟು. ಅಂದು ಬಲವಂತವಿತ್ತು, ಇಂದು ನಾವೇ ಬಯಸಿ ಕಳುಹಿಸುತ್ತಿದ್ದೇವೆ.

ಇದಕ್ಕಾಗಿ ತಂದೆತಾಯಿಗಳನ್ನು ದೂರಿ ಫಲವಿಲ್ಲ. ಮಗು ಮುಂದೆ ಬರಲಿ ಎಂಬ ಆಸೆ ಅಂದಿನವರಿಗೂ ಇತ್ತು. ಆದರೆ ಇತಿಹಾಸ ನಮಗೆ ಹೇಳುವುದು ಬೇರೆ. ಅಕ್ಕರೆ ಒಂದು ಕಡೆ, ಸಾಧನೆ ಇನ್ನೊಂದು ಕಡೆ ಎಂದು ನಮ್ಮ ಹಿರಿಯರು ಎಂದೂ ಬೇರ್ಪಡಿಸಲಿಲ್ಲ. ಮಾಸ್ತರರಿಗೆ ಮಗುವಿನ ಮನೆ ಗೊತ್ತಿತ್ತು. ದೊಡ್ಡ ಹುಡುಗ ಸಣ್ಣವನಿಗೆ ಪಾಠ ಹೇಳಿಕೊಟ್ಟ. ಅನ್ನವಿಟ್ಟವರು ಅಂಕವನ್ನೂ ಕೇಳಿದರು. ಹನ್ನೊಂದರಿಂದ ಹದಿಮೂರರ ವಯಸ್ಸು ತನ್ನನ್ನು ಯಾರಾದರೂ ಗಮನಿಸುತ್ತಾರೆಯೇ ಎಂದು ನೋಡುವ ವಯಸ್ಸು. ಗಮನಿಸುವವರಿದ್ದರೆ ಮಗು ಏರುತ್ತದೆ, ಇಲ್ಲದಿದ್ದರೆ ತರಗತಿಯ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕಳೆದುಹೋಗುತ್ತದೆ.

ಆದುದರಿಂದ ನಮ್ಮ ಬಾಂಧವರಲ್ಲಿ ಒಂದು ಬಿನ್ನಹ. ರಾಜ್ಯೋತ್ಸವದ ಖರ್ಚಿನಲ್ಲಿ ಒಂದಿಷ್ಟನ್ನು ಉಳಿಸಿ, ಈ ಮೂರು ತರಗತಿಗಳ ಮಕ್ಕಳಿಗೆಂದೇ ಭಾನುವಾರ ಬೆಳಿಗ್ಗೆ ಎರಡು ತಾಸು ತೆರೆದಿಡೋಣ. ಬರೀ ಕನ್ನಡವಲ್ಲ, ಅವರು ಎಡವುವ ಲೆಕ್ಕವನ್ನೂ ವಿಜ್ಞಾನವನ್ನೂ ಕನ್ನಡದಲ್ಲಿ ಬಿಡಿಸಿ ಹೇಳೋಣ. ಕಾಲೇಜು ಓದುವ ನಮ್ಮ ತರುಣ ತರುಣಿಯರು ಒಬ್ಬೊಬ್ಬರು ಇಬ್ಬರು ಮಕ್ಕಳನ್ನು ವಹಿಸಿಕೊಳ್ಳಲಿ. ದಿನಗೂಲಿಗೆಂದು ಕಲಬುರಗಿ, ರಾಯಚೂರು, ಬೀದರ ಕಡೆಯಿಂದ ಈ ಊರಿಗೆ ಬಂದವರ ಮಕ್ಕಳನ್ನು ನಾವೇ ಹೋಗಿ ಕರೆತರೋಣ. ವಾರಾನ್ನದ ಬೇಲಿ ಈ ಸಲ ಬೇಡ. ಬಂದ ಮಕ್ಕಳಿಗೆಲ್ಲ ಒಂದೇ ಪಂಕ್ತಿಯಲ್ಲಿ ಉಪ್ಪಿಟ್ಟು ಬಡಿಸಿದರೆ ಪಾಠದ ಅರ್ಧ ಅಲ್ಲಿಯೇ ಮುಗಿದಂತೆ.

ಜೋಳಿಗೆ ಹಿಡಿದು ಶಾಲೆ ನಡೆಸಿದವರ ನಾಡಿನವರು ನಾವು. ಎರಡು ತಾಸಿನ ಬಿಡುವು ನಮ್ಮಲ್ಲಿಲ್ಲವೆಂದರೆ ಅವರು ನಂಬಲಾರರು.