ಕನ್ನಡ ಜಾಲಪುಟಗಳು ಕಲಿಸಿದ ಪಾಠ

ಜಾಲತಾಣ ನಿರ್ಮಾಣ ತೀರಾ ಕಿರಿಯ ವೃತ್ತಿ. ಟಿಮ್ ಬರ್ನರ್ಸ್-ಲೀ ಅವರು ಜಿನೀವಾ ಬಳಿಯ ಸೆರ್ನ್ ಪ್ರಯೋಗಾಲಯದಲ್ಲಿ ವಿಶ್ವವ್ಯಾಪಿ ಜಾಲದ ಯೋಜನೆಯನ್ನು ಮುಂದಿಟ್ಟದ್ದು 1989ರಲ್ಲಿ. ಅದನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಸೆರ್ನ್ ಘೋಷಿಸಿದ್ದು 1993ರಲ್ಲಿ. ಈ ವೃತ್ತಿಯವರು ಬೆಲೆ ತೆತ್ತು ಕಲಿತ ಒಂದು ಮುಖ್ಯ ಪಾಠವನ್ನು ಕನ್ನಡ ಜಾಲಪುಟಗಳ ಚರಿತ್ರೆಯಲ್ಲೇ ಕಾಣಬಹುದು.

ಗಣಕವು ಅಕ್ಷರವನ್ನು ಗುರುತಿಸುವುದು ಸಂಖ್ಯೆಯಿಂದ. ಡಾ. ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ತಾಣ ಆರಂಭವಾದ 1996ರ ಸುಮಾರಿಗೆ ಬಳಕೆಯಲ್ಲಿದ್ದ 8 ಬಿಟ್‌ಗಳ ಸಂಕೇತ ಪದ್ಧತಿಯಲ್ಲಿ ಇದ್ದದ್ದು 256 ಸ್ಥಾನಗಳು ಮಾತ್ರ. ಅವುಗಳನ್ನು ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು ತುಂಬಿದ್ದವು. ಫಾಂಟ್ ತಯಾರಕರು ಆ ಸ್ಥಾನಗಳಲ್ಲೇ ಕನ್ನಡದ ಅಕ್ಷರ, ಗುಣಿತ, ಒತ್ತುಗಳ ಆಕೃತಿಗಳನ್ನು ಕೂರಿಸಿದರು. ಓದುಗರ ಕಣ್ಣಿಗೆ ಅದು ಕನ್ನಡ. ಗಣಕಕ್ಕೆ ಮಾತ್ರ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು! ಒಬ್ಬೊಬ್ಬ ತಯಾರಕರ ಜೋಡಣೆ ಒಂದೊಂದು ಬಗೆ. ತಕ್ಕ ಫಾಂಟ್ ಇಲ್ಲದವರಿಗೆ ಪುಟವನ್ನು ಓದಲಾಗುತ್ತಿರಲಿಲ್ಲ. ಕನ್ನಡ ಪದವನ್ನು ಬೆರಳಚ್ಚಿಸಿ ಹುಡುಕುವುದಂತೂ ದೂರದ ಮಾತು.

ಪುಟದ ಜೊತೆಗೇ ಫಾಂಟ್ ಕಳುಹಿಸುವ ವ್ಯವಸ್ಥೆ 1997ರಲ್ಲಿ ಬಂದಿತು. ಆದರೆ ನೆಟ್‌ಸ್ಕೇಪ್ ಬ್ರೌಸರಿಗೆ ಒಂದು ಬಗೆಯ ಕಡತ, ಇಂಟರ್‌ನೆಟ್ ಎಕ್ಸ್‌ಪ್ಲೋರರಿಗೆ ಇನ್ನೊಂದು. ಭಾರತೀಯ ಭಾಷೆಗಳ ಹಲವು ತಾಣಗಳು ಇವನ್ನೇ ನೆಚ್ಚಿಕೊಂಡವು. 2000ದಲ್ಲಿ ಬಂದ ನೆಟ್‌ಸ್ಕೇಪ್‌ನ 6ನೆಯ ಆವೃತ್ತಿ ತನ್ನ ಹಳೆಯ ವ್ಯವಸ್ಥೆಯನ್ನು ಕೈಬಿಟ್ಟಿತು. ತಾಣ ನಿರ್ಮಿಸಿದವರು ಒಂದಕ್ಷರವನ್ನೂ ಬದಲಿಸಿರಲಿಲ್ಲ. ಆದರೂ ಆ ಬ್ರೌಸರಿಗಾಗಿಯೇ ಸಿದ್ಧವಾಗಿದ್ದ ಪುಟಗಳು ಹೊಸ ಆವೃತ್ತಿಯಲ್ಲಿ ಕನ್ನಡವಾಗಿ ಕಾಣದಾದವು.

ಪರಿಹಾರ ಅದಾಗಲೇ ಸಿದ್ಧವಿತ್ತು. 1991ರ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಪ್ರತ್ಯೇಕ ಸ್ಥಾನವಿತ್ತು. ಅದರಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಫಾಂಟ್ ಯಾವುದೇ ಇರಲಿ, ಗಣಕ ಯಾವ ದೇಶದ್ದೇ ಇರಲಿ, ಈ ಸಂಖ್ಯೆ ಬದಲಾಗದು. ಆದರೆ ಕಾರ್ಯಾಚರಣ ವ್ಯವಸ್ಥೆಗಳ ಬೆಂಬಲವಿಲ್ಲದೆ ಶಿಷ್ಟತೆಯೊಂದರಿಂದಲೇ ಪ್ರಯೋಜನವಾಗದು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಡನೆ ಕನ್ನಡವನ್ನು ಬೆಂಬಲಿಸಿತು. ಆಮೇಲೆಯೇ ತಾಣಗಳು ಒಂದೊಂದಾಗಿ ಯೂನಿಕೋಡಿಗೆ ಬಂದವು.

ಇದರಿಂದ ಜಾಲತಾಣ ನಿರ್ಮಿಸುವವರು ಕಲಿಯಬೇಕಾದುದೇನು? ಪಠ್ಯವೇ ಬೇರೆ, ಅದು ಕಾಣುವ ರೂಪವೇ ಬೇರೆ. ಪಠ್ಯವನ್ನು ಎಲ್ಲರೂ ಒಪ್ಪಿದ ಮುಕ್ತ ಶಿಷ್ಟತೆಯಲ್ಲಿಯೇ ಸಂಗ್ರಹಿಸಬೇಕು. ಒಂದೇ ಕಂಪನಿಯ ಸೌಲಭ್ಯವನ್ನು ನೆಚ್ಚಿದರೆ ಆ ಕಂಪನಿ ಮನಸ್ಸು ಬದಲಿಸಿದ ದಿನ ನಮ್ಮ ಕೆಲಸವೂ ಕೆಡುತ್ತದೆ. ನಮ್ಮ ಗಣಕದಲ್ಲಿ ಸರಿಯಾಗಿ ಕಂಡಿತೆಂದರೆ ಸಾಲದು, ಬೇರೆ ಬ್ರೌಸರುಗಳಲ್ಲೂ ಪರೀಕ್ಷಿಸಬೇಕು.

ಶಾಲೆಯ ಗಣಕದಲ್ಲಿ ಹಳೆಯ ಪಾಠ, ಪ್ರಶ್ನೆಪತ್ರಿಕೆಗಳಿವೆಯೆ? ಅವುಗಳ ಒಂದು ಸಾಲನ್ನು ನಕಲಿಸಿ ಮೊಬೈಲಿನಲ್ಲಿ ತೆರೆದು ನೋಡಿ. ರೋಮನ್ ಅಕ್ಷರಗಳು ಕಂಡರೆ ಅವು ಹಳೆಯ ಸಂಕೇತದಲ್ಲಿವೆ ಎಂದರ್ಥ. ಯಾವ ಫಾಂಟ್ ಎಂಬುದು ತಿಳಿದಿರುವಾಗಲೇ ಪರಿವರ್ತಕ ತಂತ್ರಾಂಶದಿಂದ ಅವನ್ನು ಯೂನಿಕೋಡಿಗೆ ಬದಲಿಸಿಡಿ. ಆ ಮಾಹಿತಿ ಮರೆತುಹೋದರೆ ಕಡತವೇನೋ ಉಳಿಯುತ್ತದೆ, ಓದುವ ದಾರಿ ಮಾತ್ರ ಕಠಿಣವಾಗುತ್ತದೆ.