ನಿರೀಕ್ಷೆಯನ್ನು ಮೀರಿದ ಚಲಚ್ಚಿತ್ರ: ಪುತ್ತೂರು ಸೀಮೆಯ ಕಾದಂಬರಿಗಳಿಂದ ಒಂದು ನಿದರ್ಶನ

ಒಂದು ಚಲಚ್ಚಿತ್ರ ಎಣಿಸಿದ್ದಕ್ಕಿಂತ ಬಹಳ ಚೆನ್ನಾಗಿ ಮೂಡಿಬಂದಿತೆಂದು ಪ್ರೇಕ್ಷಕರು ಹೇಳುವುದುಂಟು. ಇದನ್ನು ರುಚಿಯ ಮಾತೆಂದು ಬಿಟ್ಟುಬಿಡುವುದು ವಾಡಿಕೆ. ಆದರೆ ಇತಿಹಾಸದ ವಿದ್ಯಾರ್ಥಿಗೆ ಇದರಲ್ಲಿ ಪರಿಶೀಲನೆಗೆ ಅರ್ಹವಾದ ಪ್ರಶ್ನೆಯೊಂದಿದೆ. ಮೊದಲು ಇದ್ದ ನಿರೀಕ್ಷೆ ಯಾವುದು? ಅದು ಯಾವ ಆಧಾರದ ಮೇಲೆ ನಿಂತಿತ್ತು? ಅದು ತಪ್ಪಿದ್ದು ಎಲ್ಲಿ? ಈ ಪ್ರಶ್ನೆಗಳನ್ನು ನಾವು ಶಿವರಾಮ ಕಾರಂತರ ಕಾದಂಬರಿಗಳನ್ನು ಆಧರಿಸಿದ ಮೂರು ಚಿತ್ರಗಳ ಮೂಲಕ ವಿವೇಚಿಸಬಯಸುತ್ತೇವೆ. ಕಾರಂತರು ಸುಮಾರು ನಾಲ್ಕು ದಶಕಗಳ ಕಾಲ ಪುತ್ತೂರಿನಲ್ಲಿ ನೆಲಸಿದ್ದವರು. ಪುತ್ತೂರಿನಿಂದ ಸುಳ್ಯದವರೆಗೆ, ಮತ್ತು ಈ ಎರಡು ತಾಲ್ಲೂಕುಗಳ ಗ್ರಾಮಗಳನ್ನು ಕೂಡಿಸಿ ಈಚೆಗೆ ರಚಿತವಾದ ಕಡಬದವರೆಗೆ ಹಬ್ಬಿ ಘಟ್ಟದ ಬುಡವನ್ನು ಮುಟ್ಟುವ ಸೀಮೆಯ ಬದುಕು ಅವರ ಬರವಣಿಗೆಗೆ ಹೇರಳವಾಗಿ ಒದಗಿಬಂದಿತು.

ಕಾರಂತರಿಗೆ ಚಿತ್ರಮಾಧ್ಯಮ ಹೊಸದಾಗಿರಲಿಲ್ಲವೆಂಬುದನ್ನು ಮೊದಲೇ ನೆನೆಯಬೇಕು. 1930ರಲ್ಲಿ ‘ಡೊಮಿಂಗೊ’, 1931ರಲ್ಲಿ ‘ಭೂತರಾಜ್ಯ’ ಎಂಬ ಎರಡು ಮೂಕಿ ಚಿತ್ರಗಳನ್ನು ಅವರು ತಯಾರಿಸಿದ್ದರು. ಅದೇ 1931ರಲ್ಲಿ ‘ಆಲಂ ಆರಾ’ ತೆರೆಗೆ ಬಂದು ಭಾರತದಲ್ಲಿ ವಾಕ್ಚಿತ್ರಗಳ ಯುಗ ಆರಂಭವಾಯಿತು. 1934ರಲ್ಲಿ ‘ಸತಿ ಸುಲೋಚನ’ದೊಡನೆ ಕನ್ನಡವೂ ಆ ದಾರಿ ಹಿಡಿಯಿತು. ಈ ನಡುವೆ, 1933ರಲ್ಲಿ, ಕಾರಂತರ ‘ಚೋಮನ ದುಡಿ’ ಕಾದಂಬರಿ ಪ್ರಕಟವಾಯಿತು.

ಕಾದಂಬರಿಯ ಕಥೆ ಸುಪರಿಚಿತವಾದುದು. ಅಸ್ಪೃಶ್ಯನೆನಿಸಿದ ಚೋಮನಿಗೆ ಒಂದೇ ಬಯಕೆ: ತುಂಡು ಗದ್ದೆಯನ್ನು ಗೇಣಿಗೆ ಪಡೆದು ತಾನೂ ಬೇಸಾಯಗಾರನೆನಿಸಬೇಕು. ಕಾಡಿನಲ್ಲಿ ದೊರೆತ ಎತ್ತಿನ ಜೋಡಿಯನ್ನು ಆ ಆಸೆಯಿಂದಲೇ ಅವನು ಮಾರದೆ ಸಾಕಿಕೊಂಡಿದ್ದಾನೆ. ಧಣಿ ಸಂಕಪ್ಪಯ್ಯನ ಮನಸ್ಸು ಕರಗಿದರೂ ಮನೆಯ ಹಿರಿಯಳ ಸಂಪ್ರದಾಯನಿಷ್ಠೆ ಅಡ್ಡಬರುತ್ತದೆ. ಘಟ್ಟದ ಕಾಫಿತೋಟದ ಸಾಲ ತೀರಿಸಲು ಹೋದ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬ ಜ್ವರದಿಂದ ಸಾಯುತ್ತಾನೆ. ಇನ್ನೊಬ್ಬ ಕ್ರೈಸ್ತಳೊಬ್ಬಳನ್ನು ಮದುವೆಯಾಗಿ ಅಲ್ಲಿಯೇ ಉಳಿಯುತ್ತಾನೆ. ಮಗಳು ಬೆಳ್ಳಿ ತನ್ನ ಮಾನವನ್ನು ತೆತ್ತು ಸಾಲವನ್ನು ತೀರಿಸುತ್ತಾಳೆ. ನೀರಿನಲ್ಲಿ ಮುಳುಗುತ್ತಿರುವ ಕಿರಿಯ ಮಗನನ್ನು ಮುಟ್ಟಿ ಎತ್ತಲು ದಡದಲ್ಲಿದ್ದ ಮೇಲುಜಾತಿಯವರು ಮುಂದೆ ಬರುವುದಿಲ್ಲ. ಭೂಮಿ ದೊರೆಯುವುದೆಂದು ಮತಾಂತರಕ್ಕೆ ಹೊರಟ ಚೋಮ ಪಂಜುರ್ಲಿ ಭೂತದ ಭಯಭಕ್ತಿಯಿಂದ ಹಿಂದಿರುಗುತ್ತಾನೆ. ಕೊನೆಗೆ ಎತ್ತುಗಳನ್ನು ಕಾಡಿಗಟ್ಟಿ, ಗುಡಿಸಲ ಬಾಗಿಲು ಮುಚ್ಚಿಕೊಂಡು, ದುಡಿಯನ್ನು ಬಾರಿಸುತ್ತಲೇ ಪ್ರಾಣಬಿಡುತ್ತಾನೆ.

1975ರಲ್ಲಿ ಈ ಕಥೆ ಚಿತ್ರವಾಗುವಾಗ ಅದರಿಂದ ಯಾರೇ ಆಗಲಿ ಎಷ್ಟನ್ನು ನಿರೀಕ್ಷಿಸಬಹುದಿತ್ತು? ‘ಸಂಸ್ಕಾರ’ (1970), ‘ವಂಶವೃಕ್ಷ’ (1971), ‘ಕಾಡು’ (1973) ಚಿತ್ರಗಳಿಂದ ಕನ್ನಡದಲ್ಲಿ ಹೊಸ ಮಾರ್ಗವೊಂದು ತೆರೆದಿತ್ತು, ನಿಜ. ಆದರೆ ಪ್ರತಿಕೂಲ ಸಂಗತಿಗಳೂ ಕಡಮೆಯಿರಲಿಲ್ಲ. ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ ಹುಟ್ಟಿದ ನಿರ್ದೇಶಕ ಬಿ. ವಿ. ಕಾರಂತರು ಪ್ರಧಾನವಾಗಿ ರಂಗಭೂಮಿಯವರು. ‘ವಂಶವೃಕ್ಷ’ವನ್ನು ಗಿರೀಶ ಕಾರ್ನಾಡರೊಡನೆ ನಿರ್ದೇಶಿಸಿದ್ದರೇ ಹೊರತು ಸ್ವತಂತ್ರವಾಗಿ ಚಿತ್ರವನ್ನು ನಿರ್ದೇಶಿಸುವುದು ಅವರಿಗೆ ಇದೇ ಮೊದಲು. ನಾಯಕನ ಪಾತ್ರಧಾರಿ ಎಂ. ವಿ. ವಾಸುದೇವರಾವ್ ಅದುವರೆಗೆ ಚಿಕ್ಕ ಪಾತ್ರಗಳಲ್ಲಿಯೇ ಕಾಣಿಸಿಕೊಳ್ಳುತ್ತಿದ್ದ ನಟರು. ವರ್ಣಚಿತ್ರಗಳ ಕಾಲದಲ್ಲಿ ಇದು ಕಪ್ಪುಬಿಳುಪಿನ ಚಿತ್ರ. ಕಥೆಯಲ್ಲಿ ಸಾವಿನ ಮೇಲೆ ಸಾವು. ಜನರಂಜನೆಯ ಸಾಮಗ್ರಿ ಏನೂ ಇಲ್ಲ. ಇವೆಲ್ಲವನ್ನೂ ಕೂಡಿಸಿ ಲೆಕ್ಕ ಹಾಕಿದವರು ಇದನ್ನು ಒಂದು ಸದುದ್ದೇಶದ ಪ್ರಯತ್ನವೆಂದು ಎಣಿಸಿದ್ದರೆ ಅದು ಅಸಹಜವಾಗುತ್ತಿರಲಿಲ್ಲ.

ಫಲವಾದರೋ ಬೇರೆಯೇ ಆಯಿತು. 1975ರ ರಾಷ್ಟ್ರೀಯ ಚಲಚ್ಚಿತ್ರ ಪ್ರಶಸ್ತಿಗಳಲ್ಲಿ ‘ಚೋಮನ ದುಡಿ’ ಅತ್ಯುತ್ತಮ ಕಥಾಚಿತ್ರವೆಂದು ಸ್ವರ್ಣಕಮಲವನ್ನು ಪಡೆಯಿತು. ವಾಸುದೇವರಾಯರು ಅತ್ಯುತ್ತಮ ನಟರೆನಿಸಿದರು. ಕಥೆಗಾಗಿ ಶಿವರಾಮ ಕಾರಂತರಿಗೂ ಪ್ರಶಸ್ತಿ ಸಂದಿತು. ಅದೇ ವರ್ಷ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿಯನ್ನು ಪಡೆದವರು ‘ಜನ ಅರಣ್ಯ’ದ ಸತ್ಯಜಿತ್ ರಾಯ್ ಎಂಬುದನ್ನು ನೆನೆದರೆ ಸ್ಪರ್ಧೆ ಎಂಥದಿತ್ತೆಂಬುದು ತಿಳಿಯುತ್ತದೆ. ಎರಡು ವರ್ಷಗಳ ಅನಂತರ ಮೃಣಾಲ್ ಸೇನರು ತಮ್ಮ ತೆಲುಗು ಚಿತ್ರ ‘ಒಕ ಊರಿ ಕಥ’ದ ಮುಖ್ಯ ಪಾತ್ರಕ್ಕೆ ವಾಸುದೇವರಾಯರನ್ನೇ ಆರಿಸಿಕೊಂಡರು.

ಈ ಸಿದ್ಧಿಗೆ ಕಾರಣವೇನು? ಮುಖ್ಯ ಕಾರಣ ದುಡಿಯ ನಾದವೆಂಬುದು ನಮ್ಮ ಅಭಿಪ್ರಾಯ. ಈ ಸೀಮೆಯಲ್ಲಿ ಚೋಮನಂಥವರ ಮನೆಮಾತು ತುಳು; ಕಾದಂಬರಿಯೂ ಚಿತ್ರವೂ ಕನ್ನಡದವು. ಓದುಗನಿಗೆ ಈ ಅಂತರ ತಟ್ಟುವುದಿಲ್ಲ. ಆದರೆ ತೆರೆಯ ಮೇಲೆ ಚೋಮ ದೀರ್ಘವಾಗಿ ಮಾತಾಡತೊಡಗಿದ್ದರೆ ಕೃತಕತೆ ತಲೆದೋರುತ್ತಿತ್ತು. ಬಿ. ವಿ. ಕಾರಂತರು ನಾಟಕ ಸಂಗೀತದಲ್ಲಿ ಪಳಗಿದವರು. ಈ ಚಿತ್ರದ ಸಂಗೀತವೂ ಅವರದೇ. ಚೋಮನ ಸಿಟ್ಟು, ಸಂತೋಷ, ಹತಾಶೆಗಳನ್ನು ಅವರು ಮಾತಿಗೆ ವಹಿಸದೆ ದುಡಿಗೆ ವಹಿಸಿದರು. ದುಡಿಗೆ ತುಳುವೂ ಇಲ್ಲ, ಕನ್ನಡವೂ ಇಲ್ಲ. ಎಸ್. ರಾಮಚಂದ್ರರ ಛಾಯಾಗ್ರಹಣ, ಬೆಳ್ಳಿಯಾಗಿ ಪದ್ಮಾ ಕುಮಟಾ ಅವರ ಅಭಿನಯ ಇದಕ್ಕೆ ಹೊಂದಿಕೊಂಡವು. ತಾರೆಯಲ್ಲದ ನಟನ ಮುಖದಲ್ಲಿ ಪ್ರೇಕ್ಷಕನಿಗೆ ಚೋಮನ ಹೊರತು ಇನ್ನಾರೂ ಕಾಣಲಿಲ್ಲ. ಹೀಗೆ ಕೊರತೆಗಳೆಂದು ಎಣಿಸಬಹುದಾಗಿದ್ದವುಗಳೇ ಚಿತ್ರದ ಬಲವಾಗಿ ಪರಿಣಮಿಸಿದವು.

ಕಾಲವೂ ಗಮನಾರ್ಹವಾದುದು. ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಕಾಯಿದೆ 1974ರ ಮಾರ್ಚ್ 1ರಂದು ಜಾರಿಗೆ ಬಂದಿತ್ತು. ಗೇಣಿ ಪದ್ಧತಿ ಬೇರೂರಿದ್ದ ದಕ್ಷಿಣ ಕನ್ನಡದಲ್ಲಿ ಅದರಿಂದ ಅನೇಕ ಗೇಣಿದಾರರು ಭೂಮಿಯ ಒಡೆಯರಾದರು. ಜೀತವನ್ನು ರದ್ದುಗೊಳಿಸುವ ಕೇಂದ್ರದ ಸುಗ್ರೀವಾಜ್ಞೆ 1975ರ ಅಕ್ಟೋಬರಿನಲ್ಲಿ ಹೊರಟು ಮರುವರ್ಷ ಕಾಯಿದೆಯಾಯಿತು. ಆದರೆ ಉಳುವವನಿಗೆ ಭೂಮಿ ಎಂಬಲ್ಲಿ ಉಳುವವನೆಂದರೆ ಗೇಣಿಯ ಹಕ್ಕುಳ್ಳವನು. ಚೋಮನಿಗೆ ಗೇಣಿಯನ್ನೇ ನಿರಾಕರಿಸಲಾಗಿತ್ತು. ಗೇಣಿಯಿಲ್ಲದ ಕೂಲಿಯಾಳಿಗೆ ಆ ಕಾಯಿದೆಯಿಂದ ಬಹುಮಟ್ಟಿಗೆ ದೊರೆತದ್ದು ತಾನು ವಾಸಿಸುವ ಗುಡಿಸಲಿನ ನೆಲದ ಮೇಲಿನ ಹಕ್ಕು ಮಾತ್ರ. 1933ರ ಕಥೆ 1975ರ ಪ್ರೇಕ್ಷಕನಿಗೆ ಹಳೆಯದೆನಿಸದಿದ್ದುದಕ್ಕೆ ಇದೂ ಕಾರಣವಾಗಿರಬೇಕು.

ಇಲ್ಲೊಂದು ಆಕ್ಷೇಪವನ್ನು ಎದುರಿಸಬೇಕಾಗುತ್ತದೆ: ಈ ಹಿರಿಮೆ ಕಾದಂಬರಿಯದೇ ಅಲ್ಲವೆ? ಹಾಗಿದ್ದಲ್ಲಿ ಕಾದಂಬರಿಕಾರರೇ ನಿರ್ದೇಶಿಸಿದ ಚಿತ್ರ ಇನ್ನೂ ಮೇಲಾಗಬೇಕಿತ್ತು. ಘಟ್ಟದ ಮಲೆಕುಡಿಯರ ಜೀವನವನ್ನು ಕುರಿತ ತಮ್ಮ ‘ಕುಡಿಯರ ಕೂಸು’ (1951) ಕಾದಂಬರಿಯನ್ನು ಶಿವರಾಮ ಕಾರಂತರು 1978ರಲ್ಲಿ ‘ಮಲೆಯ ಮಕ್ಕಳು’ ಎಂಬ ಹೆಸರಿನಿಂದ ತಾವೇ ತೆರೆಗೆ ತಂದರು. ಆ ಕಾಡನ್ನೂ ಆ ಜನರನ್ನೂ ಅವರಷ್ಟು ಬಲ್ಲ ನಿರ್ದೇಶಕರು ಬೇರೊಬ್ಬರಿರಲಿಲ್ಲ. ಆ ವೇಳೆಗೆ ಅವರು 1977ರ ಜ್ಞಾನಪೀಠ ಪ್ರಶಸ್ತಿಗೂ ಪಾತ್ರರಾಗಿದ್ದರು. ನಿರೀಕ್ಷೆ ಸಹಜವಾಗಿಯೇ ದೊಡ್ಡದು. ಆದರೂ ‘ಚೋಮನ ದುಡಿ’ಗೆ ದೊರೆತ ಕೀರ್ತಿ ಈ ಚಿತ್ರಕ್ಕೆ ದೊರೆಯಲಿಲ್ಲ. ಮೂಲಕೃತಿಯ ಸಾಮೀಪ್ಯವೊಂದೇ ಚಿತ್ರದ ಯಶಸ್ಸಿಗೆ ಸಾಲದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಿರೀಕ್ಷೆ ಇನ್ನೊಂದು ಬಗೆಯಲ್ಲಿಯೂ ಮೀರಬಹುದು. 1943ರ ‘ಬೆಟ್ಟದ ಜೀವ’ ಸುಬ್ರಹ್ಮಣ್ಯ ಪರಿಸರದ ಕಾಡುಗಳಲ್ಲಿ ನಡೆಯುವ ಕಥೆ. ಅದರ ನಾಯಕ ಗೋಪಾಲಯ್ಯ ಕಾಡು ಕಡಿದು ತೋಟ ಗದ್ದೆಗಳನ್ನು ಮಾಡಿದ ಸಾಹಸಿ. ಇದನ್ನು ಪಿ. ಶೇಷಾದ್ರಿ ಚಿತ್ರವಾಗಿಸಿದರು, ಗೋಪಾಲಯ್ಯನ ಪಾತ್ರವನ್ನು ಎಚ್. ಜಿ. ದತ್ತಾತ್ರೇಯ ವಹಿಸಿದರು. 2010ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅದಕ್ಕೆ ಲಭಿಸಿದ್ದು ಪರಿಸರ ಸಂರಕ್ಷಣೆಯನ್ನು ಕುರಿತ ಅತ್ಯುತ್ತಮ ಚಿತ್ರವೆಂಬ ಗೌರವ. ಕಾಡನ್ನು ಗೆದ್ದವನ ಕಥೆ ಏಳು ದಶಕಗಳೊಳಗೆ ಕಾಡನ್ನು ಉಳಿಸುವ ಕಥೆಯಾಗಿ ಓದಿಸಿಕೊಂಡಿತು. ಮೊದಲ ಓದುಗರು ಇದನ್ನು ಊಹಿಸಿರಲಾರರು.

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ಹೊರಪಡುತ್ತವೆ. ಒಂದು: ನಿರೀಕ್ಷೆಯೆಂಬುದು ಸಾಮಾನ್ಯವಾಗಿ ಬಂಡವಾಳ, ಹೆಸರು, ಹಿಂದಿನ ಅನುಭವ ಇವುಗಳ ಗಣನೆ, ಮಾಧ್ಯಮಕ್ಕೆ ಸಹಜವಾದ ಭಾಷೆಯನ್ನು ಕಂಡುಕೊಳ್ಳುವ ಶಕ್ತಿ ಆ ಗಣನೆಯಲ್ಲಿ ಸೇರಿರುವುದಿಲ್ಲ. ‘ಚೋಮನ ದುಡಿ’ ಗೆದ್ದುದು ಅಲ್ಲಿ. ಎರಡು: ಚಿತ್ರದ ಗೆಲುವು ಅದರ ವಸ್ತುವಿನ ಗೆಲುವಲ್ಲ. ಚಿತ್ರಕ್ಕೆ ಸ್ವರ್ಣಕಮಲ ಸಂದ ಕಾಲದಲ್ಲಿಯೂ ಚೋಮನಂಥವರಿಗೆ ಗದ್ದೆ ದಕ್ಕಿರಲಿಲ್ಲ. ಈ ಮೂರು ತಾಲ್ಲೂಕುಗಳಲ್ಲಿ ಭೂಸುಧಾರಣೆಯ ಅರ್ಜಿಗಳು ಹೇಗೆ ತೀರ್ಮಾನವಾದವು, ಗೇಣಿಯಿಲ್ಲದ ಮನೆತನಗಳ ಗತಿ ಮುಂದೆ ಏನಾಯಿತು ಎಂಬುದನ್ನು ಗ್ರಾಮಗ್ರಾಮದ ದಾಖಲೆಗಳಿಂದ ಶೋಧಿಸುವ ವಿದ್ಯಾರ್ಥಿಗೆ ಆ ಚಿತ್ರ ಒಳ್ಳೆಯ ಆರಂಭವಾಗಬಲ್ಲುದು.